ಸಂಬಳ ಮತ್ತು ಋಣ: ವಲಸೆ ಆಯಾಗಳ ದುಡಿಮೆ ಹಾಗೂ ಊರಲ್ಲುಳಿದ ಮಕ್ಕಳು

ಪರರ ಮಕ್ಕಳನ್ನು ಸಂಬಳಕ್ಕಾಗಿ ಸಾಕುವ ಹೆಣ್ಣನ್ನು ಸೂಚಿಸಲು ಕನ್ನಡದಲ್ಲಿ ನಿಶ್ಚಿತವಾದ ಒಂದು ಪದವಿಲ್ಲ. 'ದಾದಿ' ಎಂಬುದು ಇಂದು ಬಹುಮಟ್ಟಿಗೆ ಆಸ್ಪತ್ರೆಯ ಶುಶ್ರೂಷಕಿಗೆ ಸಲ್ಲುತ್ತದೆ. 'ಸಾಕುತಾಯಿ' ಎಂಬಲ್ಲಿ ತಾಯ್ತನದ ಗೌರವವಿದೆಯೇ ಹೊರತು ದುಡಿಮೆಯ ಸೂಚನೆಯಿಲ್ಲ. 'ಮನೆಗೆಲಸದವಳು' ಎಂದೊಡನೆ ಮಗು ಮರೆಯಾಗಿ ಕಸಮುಸುರೆಗಳಷ್ಟೇ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಅರ್ಥಕ್ಕೆ ಹೆಚ್ಚು ಹತ್ತಿರವಾಗಿರುವ 'ಆಯಾ' ಎಂಬ ಪದ ಪೋರ್ಚುಗೀಸ್ ಮೂಲದ್ದು. ವಸಾಹತು ಕಾಲದ ಬಂಗಲೆಗಳ ಮೂಲಕ ಭಾರತದ ಭಾಷೆಗಳನ್ನು ಸೇರಿದ್ದು. ಪರಕೀಯ ಪದವಾದರೂ ಅದರಲ್ಲಿ ಸಂಬಳ ಮತ್ತು ಮಗು ಎರಡೂ ಒಟ್ಟಿಗೆ ಇರುವುದರಿಂದ ಪ್ರಸ್ತುತ ಲೇಖನದಲ್ಲಿ ಅದನ್ನೇ ಬಳಸಲಾಗಿದೆ.

ಈ ಪದಕ್ಕೆ ಸಮುದ್ರಯಾನದ ಚರಿತ್ರೆಯೂ ಇದೆ. ಭಾರತದಿಂದ ಸ್ವದೇಶಕ್ಕೆ ಮರಳುತ್ತಿದ್ದ ಆಂಗ್ಲ ಕುಟುಂಬಗಳು ಹಡಗಿನ ದೀರ್ಘ ಪಯಣದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದವು. ದಡ ಸೇರಿದ ಮೇಲೆ ಮರುಪ್ರಯಾಣದ ವ್ಯವಸ್ಥೆಯನ್ನೂ ಮಾಡದೆ ಕೈಬಿಟ್ಟ ನಿದರ್ಶನಗಳುಂಟು. ಇಂಥವರಿಗಾಗಿ ಲಂಡನ್ನಿನಲ್ಲಿ ಆಯಾಗಳ ವಸತಿಗೃಹವೊಂದು ನಡೆಯುತ್ತಿತ್ತು. 1900ರಲ್ಲಿ ಅದು ಹ್ಯಾಕ್ನಿ ಪ್ರದೇಶದ ಕಿಂಗ್ ಎಡ್ವರ್ಡ್ಸ್ ರಸ್ತೆಗೆ ಸ್ಥಳಾಂತರಗೊಂಡಿತು. ಅಲ್ಲಿನ ಕಟ್ಟಡಕ್ಕೆ 2022ರಲ್ಲಿ ಸ್ಮಾರಕ ಫಲಕವನ್ನು ಅಳವಡಿಸಲಾಯಿತು. ಹಡಗಿನ ಪ್ರಯಾಣಿಕರ ಪಟ್ಟಿಗಳಲ್ಲಿ ಈ ಹೆಂಗಸರ ಸ್ವಂತ ಹೆಸರು ಅನೇಕ ವೇಳೆ ಸಿಗುವುದಿಲ್ಲ. ಸಿಗುವುದು ಒಡೆಯನ ಕುಲನಾಮಕ್ಕೆ ಅಂಟಿಕೊಂಡ 'ಆಯಾ' ಎಂಬ ನಮೂದು ಮಾತ್ರ. ಆಯಾಳ ಹೆಸರನ್ನೇ ಬರೆದಿಡದ ದಾಖಲೆಯಲ್ಲಿ ಅವಳಿಗೆ ಮಕ್ಕಳಿದ್ದರೇ, ಅವರನ್ನು ಯಾರು ಸಾಕಿದರು ಎಂಬ ವಿವರವನ್ನು ಹುಡುಕುವುದು ವ್ಯರ್ಥ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2021ರ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 7 ಕೋಟಿ 56 ಲಕ್ಷ ಗೃಹಕಾರ್ಮಿಕರಿದ್ದು, ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಹಿಳೆಯರು. ಗಡಿ ದಾಟಿ ಹೋಗಿ ದುಡಿಯುವ ಗೃಹಕಾರ್ಮಿಕರ ಸಂಖ್ಯೆಯನ್ನು ಅದೇ ಸಂಸ್ಥೆ 2015ರಲ್ಲಿ 1 ಕೋಟಿ 15 ಲಕ್ಷವೆಂದು ಅಂದಾಜು ಮಾಡಿತ್ತು. ಇವರಲ್ಲಿ ತಮ್ಮ ಮಕ್ಕಳನ್ನು ಊರಲ್ಲಿ ಉಳಿಸಿ ಬಂದ ತಾಯಂದಿರು ಅಸಂಖ್ಯ. ಒಂದು ಮಗುವಿಗೆ ಉಣಿಸಿ, ಮೀಯಿಸಿ, ಮಲಗಿಸುವುದಕ್ಕೆ ಸಂಬಳ ಪಡೆಯುವ ಹೆಣ್ಣು ಅದೇ ಹೊತ್ತಿನಲ್ಲಿ ತನ್ನ ಮಗುವಿನ ಊಟ, ನಿದ್ದೆ, ಜ್ವರಗಳಿಗೆ ಇಲ್ಲವಾಗುತ್ತಾಳೆ. ಇಂಥವಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ನೈತಿಕವಾಗಿ ಸರಿಯೇ ಎಂಬ ಪ್ರಶ್ನೆಯು ಕಳೆದ ಎರಡೂವರೆ ದಶಕಗಳಲ್ಲಿ ಸ್ತ್ರೀವಾದಿ ಚಿಂತನೆಯೊಳಗೆ ಗಂಭೀರ ಚರ್ಚೆಗೆ ಕಾರಣವಾಗಿದೆ. ಫಿಲಿಪ್ಪೀನ್ಸಿನ ನಿದರ್ಶನವನ್ನು ಮುಖ್ಯವಾಗಿರಿಸಿಕೊಂಡು ಆ ಚರ್ಚೆಯನ್ನು ಪರಿಚಯಿಸುವುದು ಹಾಗೂ ಕನ್ನಡದ ಒಂದು ಪರಿಕಲ್ಪನೆಯ ಮೂಲಕ ಅದನ್ನು ಮರುಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕನ್ನಡವು ಸಾಲಕ್ಕೂ ಋಣಕ್ಕೂ ಭೇದವೆಣಿಸುತ್ತದೆ. ಸಾಲ ಲೆಕ್ಕಕ್ಕೆ ಸಿಗುವಂಥದ್ದು, ತೀರಿಸಿದೊಡನೆ ಮುಗಿಯುವಂಥದ್ದು. ಅನ್ನದ ಋಣ, ಹಾಲಿನ ಋಣ, ಮಣ್ಣಿನ ಋಣ ಎನ್ನುವಾಗಿನ ಋಣ ಲೆಕ್ಕದ ಪುಸ್ತಕಕ್ಕೆ ಒಗ್ಗುವುದಿಲ್ಲ. ಆಯಾಳಿಗೆ ಸಲ್ಲಬೇಕಾದ ಸಂಬಳವೆಲ್ಲ ಚುಕ್ತಾ ಆದ ಮೇಲೂ ಒಂದು ಬಾಧ್ಯತೆ ಉಳಿಯುತ್ತದೆ. ಅದು ಆಯಾಳಿಗಷ್ಟೇ ಸಂಬಂಧಿಸಿದ್ದಲ್ಲ. ಒಪ್ಪಂದಕ್ಕೆ ಸಹಿ ಹಾಕದ, ಯಾರೂ ಅಭಿಪ್ರಾಯ ಕೇಳದ ಮೂರನೆಯ ವ್ಯಕ್ತಿಯೊಂದು ಅಲ್ಲಿದೆ. ಊರಲ್ಲುಳಿದ ಆ ಮಗುವಿಗೆ ಸಲ್ಲಬೇಕಾದ ಋಣವನ್ನು ಯಾರು ಹೊರಬೇಕು ಎಂಬುದೇ ಇಲ್ಲಿನ ನೈತಿಕ ಸಮಸ್ಯೆಯ ತಿರುಳು.

ಪ್ರಭುತ್ವ ಮತ್ತು 'ಹೊಸ ವೀರರು'

ಫಿಲಿಪ್ಪೀನ್ಸಿನ ಹೆಣ್ಣುಮಕ್ಕಳು ಹೊರದೇಶಕ್ಕೆ ದುಡಿಯಹೋಗುವುದನ್ನು ಬಡತನದ ಸಹಜ ಪರಿಣಾಮವೆಂದು ಭಾವಿಸಲಾಗುತ್ತದೆ. ಬಡತನವಿರುವುದು ನಿಜ. ಆದರೆ ಅಷ್ಟೇ ಬಡತನವಿರುವ ಎಲ್ಲ ದೇಶಗಳಿಂದಲೂ ಈ ಪ್ರಮಾಣದ ವಲಸೆ ನಡೆದಿಲ್ಲ ಎಂಬುದನ್ನು ಗಮನಿಸಬೇಕು. ಇದರ ಹಿಂದೆ ಪ್ರಭುತ್ವ ರೂಪಿಸಿದ ಸ್ಪಷ್ಟ ನೀತಿಯಿದೆ. 1974ರಲ್ಲಿ ಫರ್ಡಿನಾಂಡ್ ಮಾರ್ಕೋಸ್ ಆಡಳಿತ ಹೊರಡಿಸಿದ ಕಾರ್ಮಿಕ ಸಂಹಿತೆಯು ಹೊರದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಕಾರ್ಯವನ್ನು ಸರ್ಕಾರದ ಹೊಣೆಯಾಗಿ ವ್ಯವಸ್ಥೆಗೊಳಿಸಿತು. ಮೊದಲು ಹೋದವರು ಹೆಚ್ಚಾಗಿ ಗಂಡಸರು; ತೈಲದ ಬೆಲೆಯೇರಿಕೆಯಿಂದ ಸಿರಿವಂತವಾದ ಕೊಲ್ಲಿ ರಾಷ್ಟ್ರಗಳ ಕಟ್ಟಡ ಕಾಮಗಾರಿಗಳಿಗೆ ಅವರು ಬೇಕಾಗಿದ್ದರು. ಮುಂದಿನ ದಶಕಗಳಲ್ಲಿ ಹಾಂಗ್‌ಕಾಂಗ್, ಸಿಂಗಪುರ, ಇಟಲಿ ಮೊದಲಾದೆಡೆಗಳಲ್ಲಿ ಮನೆಯ ಹೆಂಗಸರು ಕಚೇರಿಗೆ ಹೊರಟಾಗ ಅವರ ಅಡುಗೆಮನೆ ಮತ್ತು ತೊಟ್ಟಿಲುಗಳ ಬಳಿ ನಿಲ್ಲಲು ಫಿಲಿಪ್ಪೀನ್ಸಿನ ಹೆಂಗಸರು ಹೊರಟರು.

1988ರಲ್ಲಿ ಅಧ್ಯಕ್ಷೆ ಕೊರಾಝೋನ್ ಅಕಿನೊ ಹಾಂಗ್‌ಕಾಂಗಿನಲ್ಲಿ ಗೃಹಕಾರ್ಮಿಕರನ್ನು ಉದ್ದೇಶಿಸಿ ಮಾತನಾಡುತ್ತ ಅವರನ್ನು ದೇಶದ ಹೊಸ ವೀರರೆಂದು ಕರೆದರು. ಈ ಬಿರುದು ಅಲ್ಲಿನ ಸಾರ್ವಜನಿಕ ಭಾಷೆಯಲ್ಲಿ ನೆಲೆಯೂರಿದೆ. ಹೊರದೇಶದಲ್ಲಿ ದುಡಿಯುವವರು ಕಳುಹಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಶೇಕಡ 8ರಿಂದ 9ರಷ್ಟಾಗುತ್ತದೆ ಎಂಬುದನ್ನು ನೆನೆದರೆ ಬಿರುದಿನ ಹಿಂದಿನ ಲೆಕ್ಕಾಚಾರ ತಿಳಿಯುತ್ತದೆ. ವೀರರೆಂದು ಕರೆದವರಿಂದ ತ್ಯಾಗವನ್ನು ನಿರೀಕ್ಷಿಸುವುದು ಸುಲಭ. ಕೂಲಿಕಾರರೆಂದು ಕರೆದರೆ ಅವರ ಹಕ್ಕುಗಳ ಮಾತನ್ನು ಎತ್ತಬೇಕಾಗುತ್ತದೆ.

1995ರ ಮಾರ್ಚ್‌ನಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯಾನ್ ಎಂಬ ಗೃಹಕಾರ್ಮಿಕಳನ್ನು ಕೊಲೆ ಆರೋಪದ ಮೇಲೆ ಸಿಂಗಪುರದಲ್ಲಿ ಗಲ್ಲಿಗೇರಿಸಲಾಯಿತು. ಆಕೆ ನಿರ್ದೋಷಿಯೆಂಬ ನಂಬಿಕೆ ಫಿಲಿಪ್ಪೀನ್ಸಿನಲ್ಲಿ ವ್ಯಾಪಕವಾಗಿದ್ದುದರಿಂದ ದೇಶದಾದ್ಯಂತ ಆಕ್ರೋಶ ಎದ್ದಿತು. ಅದರ ಬೆನ್ನಿಗೇ ಅದೇ ವರ್ಷ ವಲಸೆ ಕಾರ್ಮಿಕರ ಕಾಯಿದೆ ಜಾರಿಗೆ ಬಂದಿತು. ಆರ್ಥಿಕ ಬೆಳವಣಿಗೆಯನ್ನು ಕಾಯ್ದುಕೊಳ್ಳುವ ಸಾಧನವಾಗಿ ಹೊರದೇಶದ ಉದ್ಯೋಗವನ್ನು ಪ್ರಭುತ್ವ ಉತ್ತೇಜಿಸುವುದಿಲ್ಲ ಎಂದು ಆ ಕಾಯಿದೆ ಘೋಷಿಸುತ್ತದೆ. ಘೋಷಣೆಯ ನಂತರವೂ ವಲಸೆ ಕುಗ್ಗಲಿಲ್ಲ. ಹೀಗೆ ಹೋದವರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು, ಶಾಲಾ ಶಿಕ್ಷಕಿಯರು, ಕಚೇರಿಯ ನೌಕರಿ ತೊರೆದವರು ಗಣನೀಯವಾಗಿದ್ದಾರೆ. ಊರಿನ ಶಿಕ್ಷಕಿಯ ಸಂಬಳಕ್ಕಿಂತ ಪರದೇಶದ ಆಯಾಳ ಸಂಬಳ ಹೆಚ್ಚಾಗಿರುವ ಈ ಅಸಮತೆಯನ್ನು ಒಬ್ಬ ಹೆಣ್ಣಿನ ಹಣದಾಸೆಯೆಂದು ವಿವರಿಸಲಾಗದು.

ಆರೈಕೆಯ ಸರಪಳಿ

ಈ ವಲಸೆಯ ಅಧ್ಯಯನಕ್ಕೆ ಗಟ್ಟಿಯಾದ ತಳಹದಿ ಹಾಕಿದವರು ಸಮಾಜಶಾಸ್ತ್ರಜ್ಞೆ ರಾಸೆಲ್ ಸಲಾಜಾರ್ ಪಾರೆನ್ಯಾಸ್. ರೋಮ್ ಮತ್ತು ಲಾಸ್ ಏಂಜಲೀಸ್ ನಗರಗಳ ಫಿಲಿಪ್ಪೀನ್ಸ್ ಗೃಹಕಾರ್ಮಿಕರನ್ನು ಕುರಿತು ಅವರು ನಡೆಸಿದ ಅಧ್ಯಯನ 'ಸರ್ವೆಂಟ್ಸ್ ಆಫ್ ಗ್ಲೋಬಲೈಸೇಷನ್' ಎಂಬ ಹೆಸರಿನಲ್ಲಿ 2001ರಲ್ಲಿ ಪ್ರಕಟವಾಯಿತು. ಶ್ರೀಮಂತ ದೇಶದ ಉದ್ಯೋಗಸ್ಥ ಹೆಣ್ಣು ತನ್ನ ಮನೆವಾರ್ತೆಯನ್ನು ಫಿಲಿಪ್ಪೀನ್ಸಿನ ಹೆಣ್ಣಿಗೆ ವಹಿಸುತ್ತಾಳೆ; ಆಕೆ ಊರಲ್ಲಿರುವ ತನ್ನ ಮನೆವಾರ್ತೆಯನ್ನು ತನಗಿಂತ ಬಡವಳಾದ ಇನ್ನೊಬ್ಬಳಿಗೋ ಬಂಧುಗಳಿಗೋ ವಹಿಸುತ್ತಾಳೆ. ಹೀಗೆ ಮೂರು ಮೆಟ್ಟಿಲುಗಳಲ್ಲಿ ಕೆಲಸ ಕೆಳಗಿಳಿಯುತ್ತದೆ, ಸಂಬಳವೂ ಇಳಿಯುತ್ತದೆ. ಕೊನೆಯ ಮೆಟ್ಟಿಲಿನ ಹೆಣ್ಣಿನ ಮಕ್ಕಳನ್ನು ನೋಡಿಕೊಳ್ಳುವುದು ಹಲವು ಸಲ ಆಕೆಯ ಹಿರಿಯ ಮಗಳೇ. ಈ ವ್ಯವಸ್ಥೆಗೆ ಅಮೆರಿಕದ ಆರ್ಲಿ ಹಾಕ್‌ಶೀಲ್ಡ್ 2000ದಲ್ಲಿ ಜಾಗತಿಕ ಆರೈಕೆಯ ಸರಪಳಿ ಎಂಬ ಹೆಸರು ಕೊಟ್ಟರು. ಮೂರೂ ಮೆಟ್ಟಿಲುಗಳಲ್ಲಿ ನಿಂತವರು ಹೆಂಗಸರೇ ಎಂಬುದು ಈ ಸರಪಳಿಯ ಮುಖ್ಯ ಲಕ್ಷಣ. ಮೊದಲ ಮನೆಯ ಗಂಡಸಾಗಲಿ ಎರಡನೆಯ ಮನೆಯ ಗಂಡಸಾಗಲಿ ಮಗುವನ್ನು ಎತ್ತಿಕೊಂಡಿದ್ದರೆ ಸರಪಳಿಯ ಒಂದು ಕೊಂಡಿಯಾದರೂ ಕಳಚುತ್ತಿತ್ತು.

ಹಾಕ್‌ಶೀಲ್ಡ್ ಅವರ ಇನ್ನೊಂದು ರೂಪಕ ಹೆಚ್ಚು ಜನಪ್ರಿಯವಾಯಿತು. ವಸಾಹತು ಕಾಲದಲ್ಲಿ ಬಡ ನಾಡುಗಳಿಂದ ಚಿನ್ನವನ್ನು ಸಾಗಿಸಿದಂತೆ ಇಂದು ಪ್ರೀತಿಯನ್ನು ಸಾಗಿಸಲಾಗುತ್ತಿದೆ ಎಂಬುದು ಅದರ ಭಾವ. ರೂಪಕ ಹೃದಯಸ್ಪರ್ಶಿಯಾಗಿದೆ. ಆದರೆ ಸಾಹಿತ್ಯದ ವಿದ್ಯಾರ್ಥಿಗಳು ರೂಪಕವನ್ನು ತುಸು ಶಂಕೆಯಿಂದಲೇ ನೋಡಬೇಕಾಗುತ್ತದೆ. ಚಿನ್ನ ಒಂದೆಡೆ ಇದ್ದರೆ ಇನ್ನೊಂದೆಡೆ ಇರಲಾರದು. ತಾಯಿಯ ಪ್ರೀತಿ ಹಾಗೆ ಅಳತೆಗೆ ಸಿಕ್ಕುವ ದಾಸ್ತಾನೇ? ಒಡತಿಯ ಮಗುವನ್ನು ಮುದ್ದಿಸಿದ ಮಾತ್ರಕ್ಕೆ ತನ್ನ ಮಗುವಿನ ಪಾಲಿನ ಪ್ರೀತಿ ಆಯಾಳಲ್ಲಿ ಕರಗಿಹೋಗುವುದಿಲ್ಲ. ಅವಳು ಕಳೆದುಕೊಳ್ಳುವುದು ಸನ್ನಿಧಿಯನ್ನು, ಹೊತ್ತನ್ನು, ಮೈಯ ಸಾಮೀಪ್ಯವನ್ನು. ಪ್ರೀತಿ ಕದಿಯಲ್ಪಟ್ಟಿದೆ ಎಂದರೆ ತಾಯಿಯೂ ಒಂದು ಬಗೆಯಲ್ಲಿ ಕಳ್ಳತನಕ್ಕೆ ಒಪ್ಪಿಗೆ ಕೊಟ್ಟವಳಾಗುತ್ತಾಳೆ. ಸನ್ನಿಧಿಯನ್ನು ತಡೆಹಿಡಿಯಲಾಗಿದೆ ಎಂದರೆ ತಡೆದವರು ಯಾರು, ಯಾವ ನಿಯಮದಿಂದ ತಡೆದರು ಎಂದು ಕೇಳಲು ಸಾಧ್ಯವಾಗುತ್ತದೆ.

ನಮ್ಮ ಪರಂಪರೆಯೂ ಈ ವಿಷಯದಲ್ಲಿ ನಿರ್ದೋಷಿಯೇನಲ್ಲ. ಮೇವಾಡದ ರಾಜಕುಮಾರ ಉದಯಸಿಂಹನನ್ನು ಉಳಿಸಲು ದಾದಿ ಪನ್ನಾ ತನ್ನ ಸ್ವಂತ ಮಗನನ್ನು ಕೊಲೆಗಡುಕನ ಕತ್ತಿಗೆ ಒಪ್ಪಿಸಿದ ಕಥೆಯನ್ನು ಸ್ವಾಮಿನಿಷ್ಠೆಯ ಪರಾಕಾಷ್ಠೆಯೆಂದು ಮೆಚ್ಚಲಾಗಿದೆ. ಆ ಮೆಚ್ಚುಗೆಯಲ್ಲಿ ದಾದಿಯ ಮಗನಿಗೆ ಏನೂ ಸಂದಿಲ್ಲ. ಮಹಾಶ್ವೇತಾದೇವಿಯವರ 'ಸ್ತನದಾಯಿನಿ' ಕಥೆಯು ಈ ವೈಭವೀಕರಣಕ್ಕೆ ಕೊಟ್ಟ ಕಟುವಾದ ಉತ್ತರ. ಯಶೋದೆ ಎಂಬ ಹೆಸರನ್ನೇ ಹೊತ್ತ, ಶ್ರೀಮಂತರ ಮನೆಯ ಕೂಸುಗಳಿಗೆ ಹಾಲೂಡಿಸಿ ಬದುಕುವ ಹೆಣ್ಣು ಅಲ್ಲಿ ಸ್ತನದ ಕ್ಯಾನ್ಸರಿನಿಂದ ಸಾಯುತ್ತಾಳೆ.

ಕಾನೂನಿನ ಗೋಡೆ

ಆಯಾ ತನ್ನ ಮಕ್ಕಳನ್ನು ಬಿಟ್ಟುಬಂದಳು ಎಂದು ಹೇಳುವಾಗ 'ಬಿಟ್ಟು' ಎಂಬ ಕ್ರಿಯಾಪದದ ಕರ್ತೃ ಅವಳೇ ಆಗಿಬಿಡುತ್ತಾಳೆ. ವ್ಯಾಕರಣ ಹೀಗೆ ಹೊರಿಸುವ ಹೊಣೆಯನ್ನು ವೀಸಾ ನಿಯಮಗಳ ಎದುರಿಗಿಟ್ಟು ನೋಡಬೇಕು.

ಹಾಂಗ್‌ಕಾಂಗಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ವಿದೇಶಿ ಗೃಹಕಾರ್ಮಿಕರಿದ್ದಾರೆ. ಅರ್ಧಕ್ಕಿಂತ ಹೆಚ್ಚಿನವರು ಫಿಲಿಪ್ಪೀನ್ಸಿನವರು, ಉಳಿದವರಲ್ಲಿ ಇಂಡೋನೇಷ್ಯಾದವರೇ ಅಧಿಕ. ಒಪ್ಪಂದದ ಅವಧಿ ಎರಡು ವರ್ಷ. 2003ರಿಂದ ಮಾಲೀಕರ ಮನೆಯಲ್ಲೇ ವಾಸಿಸುವುದು ಕಡ್ಡಾಯವಾಗಿದೆ. ಒಪ್ಪಂದ ನಡುವೆ ಮುರಿದುಬಿದ್ದರೆ ಎರಡು ವಾರಗಳೊಳಗೆ ದೇಶ ಬಿಡಬೇಕೆಂಬ ನಿಯಮ 1987ರಷ್ಟು ಹಳೆಯದು. ಉಳಿದ ಕಾರ್ಮಿಕರಿಗೆ 2011ರಲ್ಲಿ ಜಾರಿಗೆ ಬಂದ ಕನಿಷ್ಠ ವೇತನ ಕಾಯಿದೆ ಮನೆಯಲ್ಲುಳಿದು ದುಡಿಯುವ ಇವರಿಗೆ ಅನ್ವಯಿಸುವುದಿಲ್ಲ. ಇವರಿಗೆ ಬೇರೆಯದೇ ಕನಿಷ್ಠ ಸಂಬಳ ನಿಗದಿಯಾಗುತ್ತದೆ. 2024ರಲ್ಲಿ ಅದು ತಿಂಗಳಿಗೆ 4,990 ಹಾಂಗ್‌ಕಾಂಗ್ ಡಾಲರ್ ಆಗಿತ್ತು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಗೃಹಕಾರ್ಮಿಕಳು ತನ್ನ ಅವಲಂಬಿತರನ್ನು ವಾಸಕ್ಕೆ ಕರೆತರುವಂತಿಲ್ಲ.

ಈ ಕೊನೆಯ ನಿಯಮಕ್ಕೆ ನ್ಯಾಯಾಲಯದಲ್ಲಿ ಒಂದು ವಿಚಿತ್ರ ಉಪಯೋಗ ದೊರೆಯಿತು. ಏಳು ವರ್ಷ ವಾಸವಿದ್ದ ವಿದೇಶಿಯರು ಹಾಂಗ್‌ಕಾಂಗಿನಲ್ಲಿ ಕಾಯಂ ನಿವಾಸದ ಹಕ್ಕನ್ನು ಕೇಳಬಹುದು. 1986ರಿಂದ ಅಲ್ಲಿ ದುಡಿಯುತ್ತಿದ್ದ ವ್ಯಾಲೆಹೋಸ್ ಎಂಬ ಗೃಹಕಾರ್ಮಿಕಳು ಈ ಹಕ್ಕಿಗಾಗಿ ಹೂಡಿದ ಮೊಕದ್ದಮೆಯನ್ನು ಅಲ್ಲಿನ ಅಂತಿಮ ಮೇಲ್ಮನವಿ ನ್ಯಾಯಾಲಯ 2013ರ ಮಾರ್ಚ್‌ನಲ್ಲಿ ತಿರಸ್ಕರಿಸಿತು. ಗೃಹಕಾರ್ಮಿಕರ ವಾಸವು ಸಾಮಾನ್ಯ ವಾಸವಲ್ಲ ಎಂಬುದಕ್ಕೆ ನ್ಯಾಯಾಲಯ ಕೊಟ್ಟ ಕಾರಣಗಳಲ್ಲಿ, ಅವಲಂಬಿತರನ್ನು ಕರೆತರುವಂತಿಲ್ಲವೆಂದು ಅವರಿಗೆ ಮೊದಲೇ ತಿಳಿಸಲಾಗಿರುತ್ತದೆ ಎಂಬುದೂ ಒಂದು. ಅಂದರೆ, ಮಕ್ಕಳನ್ನು ಕರೆತರದಂತೆ ತಡೆದ ನಿಯಮವೇ ಅವಳು ಆ ಊರಿನವಳಲ್ಲ ಎಂಬುದಕ್ಕೆ ಸಾಕ್ಷಿಯಾಯಿತು.

ಸಿಂಗಪುರದ ನಿಯಮ ಇನ್ನೂ ನೇರವಾಗಿದೆ. ಅಲ್ಲಿ ವಿದೇಶಿ ಗೃಹಕಾರ್ಮಿಕರು ಆರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆಗೆ ಒಳಗಾಗಬೇಕು. ಗರ್ಭಿಣಿಯೆಂದು ಕಂಡುಬಂದರೆ ದೇಶಕ್ಕೆ ವಾಪಸು ಕಳುಹಿಸಲಾಗುತ್ತದೆ. ಮಕ್ಕಳನ್ನು ಸಾಕುವ ಕೌಶಲ ಬೇಕು, ಸಾಕುವವಳಿಗೆ ಮಕ್ಕಳಾಗಕೂಡದು. ಹಾಂಗ್‌ಕಾಂಗಿನಲ್ಲಿ ಇಂಥ ದುಡಿಮೆಯ ನಡುವೆ ಹುಟ್ಟಿದ ಕೂಸುಗಳ ಅತಂತ್ರ ಸ್ಥಿತಿಯನ್ನು ಮಾನವಶಾಸ್ತ್ರಜ್ಞೆ ನಿಕೋಲ್ ಕಾನ್‌ಸ್ಟಬಲ್ 2014ರ 'ಬಾರ್ನ್ ಔಟ್ ಆಫ್ ಪ್ಲೇಸ್' ಕೃತಿಯಲ್ಲಿ ದಾಖಲಿಸಿದ್ದಾರೆ.

ಕಳುಹಿಸುವ ದೇಶಗಳು ಹೂಡಿದ ನಿರ್ಬಂಧಗಳೂ ಇಲ್ಲಿ ಪರಿಶೀಲನೆಗೆ ಅರ್ಹವಾಗಿವೆ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ತಾಯಂದಿರು ಮನೆಗೆಲಸಕ್ಕಾಗಿ ಹೊರದೇಶಕ್ಕೆ ಹೋಗಬಾರದೆಂದು ಶ್ರೀಲಂಕಾ 2013ರಲ್ಲಿ ನಿಯಮ ಮಾಡಿ, ಕುಟುಂಬದ ಹಿನ್ನೆಲೆಯ ವರದಿಯನ್ನು ಕಡ್ಡಾಯಗೊಳಿಸಿತು. ಆ ವರದಿಯನ್ನು ಕೇಳಿದ್ದು ಹೆಂಗಸರಿಂದ ಮಾತ್ರ. ತಂದೆಯೊಬ್ಬ ಕೈಗೂಸನ್ನು ಬಿಟ್ಟು ಕೊಲ್ಲಿಗೆ ಹೊರಟರೆ ಯಾರೂ ತಡೆಯಲಿಲ್ಲ. 2022ರ ಆರ್ಥಿಕ ಬಿಕ್ಕಟ್ಟಿನಲ್ಲಿ ಡಾಲರಿನ ಕೊರತೆ ತೀವ್ರವಾದಾಗ ಹೆಂಗಸರ ಮೇಲಿನ ನಿರ್ಬಂಧಗಳು ಸಡಿಲಗೊಂಡವು. ಭಾರತದ ನಿಯಮದಂತೆ, ವಲಸೆಗೆ ಪೂರ್ವಾನುಮತಿ ಬೇಕಾದ ದರ್ಜೆಯ ಪಾಸ್‌ಪೋರ್ಟ್ ಹೊಂದಿದ ಮಹಿಳೆ ಕೊಲ್ಲಿ ಮೊದಲಾದ ನಿಗದಿತ ದೇಶಗಳಿಗೆ ಮನೆಗೆಲಸಕ್ಕೆ ಹೋಗಬೇಕಾದರೆ 30 ವರ್ಷ ದಾಟಿರಬೇಕು. ರಕ್ಷಣೆಯ ಉದ್ದೇಶದ ಈ ನಿಯಮಕ್ಕೆ ಯಾರೂ ಬಯಸದ ಪರಿಣಾಮವೊಂದಿದೆ. ನಮ್ಮ ಬಡ ಕುಟುಂಬಗಳಲ್ಲಿ 30 ದಾಟಿದ ಹೆಣ್ಣು ಸಾಮಾನ್ಯವಾಗಿ ತಾಯಿಯಾಗಿರುತ್ತಾಳೆ. ಹೀಗಾಗಿ ಹೋಗಲು ಅರ್ಹತೆ ಪಡೆಯುವವರು ಹೆಚ್ಚಾಗಿ ಮಕ್ಕಳೊಂದಿಗರೇ ಆಗುತ್ತಾರೆ.

ಕರುವಿನ ಪ್ರಶ್ನೆ

ಈ ಚರ್ಚೆಯಲ್ಲಿ ಎಲ್ಲರೂ ಮಾತನಾಡುತ್ತಾರೆ: ಪ್ರಭುತ್ವ, ಮಾಲೀಕರು, ಏಜೆನ್ಸಿಗಳು, ವಿದ್ವಾಂಸರು, ಕೆಲವೊಮ್ಮೆ ಆಯಾಗಳೂ. ಮಗುವಿನ ಮಾತು ಮಾತ್ರ ತಡವಾಗಿ ಕೇಳಿಸಿತು. ಕನ್ನಡದ ಮಟ್ಟಿಗೆ ಈ ಮಾತಿಗೆ ಹಳೆಯ ನೆಲೆಯೊಂದಿದೆ. 'ಗೋವಿನ ಹಾಡಿ'ನ ಪುಣ್ಯಕೋಟಿಯನ್ನು ಸತ್ಯನಿಷ್ಠೆಯ ಪ್ರತೀಕವಾಗಿ ಓದುವುದು ವಾಡಿಕೆ. ಅದನ್ನು ಆರೈಕೆಯ ಹಸ್ತಾಂತರದ ಕಥನವಾಗಿಯೂ ಓದಬಹುದಾಗಿದೆ. ಹುಲಿಗೆ ಕೊಟ್ಟ ಮಾತಿನಂತೆ ಹೊರಡುವ ಮುನ್ನ ಪುಣ್ಯಕೋಟಿ ತನ್ನ ಕರುವನ್ನು ಒಡಹುಟ್ಟಿದವರಂತಿರುವ ಇತರ ಹಸುಗಳ ವಶಕ್ಕೆ ಒಪ್ಪಿಸುತ್ತದೆ. ತಮ್ಮ ಮಕ್ಕಳಂತೆಯೇ ಕಾಣಬೇಕೆಂದು ಬೇಡಿಕೊಳ್ಳುತ್ತದೆ. ಅದಕ್ಕೂ ಮೊದಲು ಕರು ತಾಯಿಯನ್ನು ಪ್ರಶ್ನಿಸುತ್ತದೆ. ಇನ್ನು ತನಗೆ ಹಾಲೂಡುವವರು ಯಾರು, ತಾನು ಮಲಗುವುದು ಯಾರ ಮಗ್ಗುಲಲ್ಲಿ ಎಂಬ ಆ ಪ್ರಶ್ನೆಗೆ ಹಾಡಿನಲ್ಲಿ ಪೂರ್ಣವಾದ ಉತ್ತರವಿಲ್ಲ. ಬಂಧುಗಳಿದ್ದಾರೆ ಎಂಬ ಸಮಾಧಾನವಿದೆ. ಜನಪದ ಕವಿ ಕರುವಿಗೆ ಬಾಯಿ ಕೊಟ್ಟಿದ್ದಾನೆ ಎಂಬುದೇ ಇಲ್ಲಿ ಗಮನಾರ್ಹ. ಹುಲಿಯೊಡನೆ ಆದ ಒಪ್ಪಂದದಲ್ಲಿ ಕರು ಪಾಲುದಾರನಲ್ಲ, ಆದರೆ ಅದರ ಬೆಲೆ ತೆರಬೇಕಾದ್ದು ಅದೇ.

ಪಾರೆನ್ಯಾಸ್ ಅವರ 2005ರ 'ಚಿಲ್ಡ್ರನ್ ಆಫ್ ಗ್ಲೋಬಲ್ ಮೈಗ್ರೇಷನ್' ಕೃತಿಯು ಫಿಲಿಪ್ಪೀನ್ಸಿನಲ್ಲಿ ಉಳಿದು ಬೆಳೆದ ಮಕ್ಕಳ ಮಾತನ್ನು ಆಲಿಸಿದ ಅಧ್ಯಯನ. ಅದರ ಕೆಲವು ಫಲಿತಗಳು ಸುಲಭದ ತೀರ್ಮಾನಗಳನ್ನು ಕದಲಿಸುತ್ತವೆ. ತಾಯಿ ವಲಸೆ ಹೋದ ಮನೆಗಳಲ್ಲಿ ತಂದೆ ಆರೈಕೆಯ ಹೊಣೆಯನ್ನು ಹೊತ್ತದ್ದು ಅಪರೂಪ. ಅಜ್ಜಿ, ಚಿಕ್ಕಮ್ಮ, ಹಿರಿಯಕ್ಕ ಇವರೇ ಅದನ್ನು ಹೊತ್ತರು. ತಾಯಂದಿರು ದೂರದಿಂದಲೇ ಕರೆ ಮಾಡಿ, ಓದು ಬರಹ ವಿಚಾರಿಸಿ, ಖರ್ಚುವೆಚ್ಚ ನಿರ್ವಹಿಸಿ ಸಂಬಂಧವನ್ನು ಕಾಯ್ದುಕೊಳ್ಳಲು ಶ್ರಮಿಸಿದರು. ಇಷ್ಟಾದರೂ ತೊರೆಯಲ್ಪಟ್ಟ ಭಾವನೆ ತಂದೆ ವಲಸೆ ಹೋದ ಮಕ್ಕಳಿಗಿಂತ ತಾಯಿ ವಲಸೆ ಹೋದ ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿತು. ತಂದೆ ಹಣ ಕಳುಹಿಸಿದರೆ ಕರ್ತವ್ಯ ಮುಗಿಯಿತು, ತಾಯಿ ಎದುರಿಗಿಲ್ಲದಿದ್ದರೆ ಯಾವ ಕರ್ತವ್ಯವೂ ಮುಗಿಯದು ಎಂಬ ಪಿತೃಪ್ರಧಾನ ನಿರೀಕ್ಷೆಯೇ ಈ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣವೆಂದು ಪಾರೆನ್ಯಾಸ್ ವಾದಿಸುತ್ತಾರೆ. ಮಗುವಿನ ನೋವು ನಿಜ. ಆ ನೋವಿಗೆ ತಾಯಿಯೊಬ್ಬಳೇ ಕಾರಣಳೆಂದು ಮಗುವಿಗೆ ಕಲಿಸಿದ್ದು ಸಮಾಜ.

ಮೊಬೈಲ್ ಫೋನ್ ಈ ಅಂತರವನ್ನು ಅಳಿಸಿತೆಂದು ಹಲವರು ಹೇಳುತ್ತಾರೆ. ಬ್ರಿಟನ್ನಿನಲ್ಲಿ ದುಡಿಯುವ ಫಿಲಿಪ್ಪೀನ್ಸಿನ ತಾಯಂದಿರನ್ನೂ ಊರಲ್ಲುಳಿದ ಅವರ ಮಕ್ಕಳನ್ನೂ ಅಧ್ಯಯನ ಮಾಡಿದ ಮಿರ್ಕಾ ಮಡಿಯಾನು ಮತ್ತು ಡೇನಿಯಲ್ ಮಿಲ್ಲರ್ ಅವರ 2012ರ ಕೃತಿ ಈ ಅಭಿಪ್ರಾಯವನ್ನು ತಿದ್ದುತ್ತದೆ. ಫೋನು ತಮಗೆ ತಾಯ್ತನವನ್ನು ಮರಳಿ ಕೊಟ್ಟಿತೆಂದು ತಾಯಂದಿರು ಭಾವಿಸಿದರೆ, ಮಕ್ಕಳ ಅನುಭವ ಅಷ್ಟು ಏಕರೂಪವಾಗಿರಲಿಲ್ಲ. ಚಿಕ್ಕಂದಿನಲ್ಲಿ ಸಂಬಂಧ ಗಟ್ಟಿಯಾಗಿರದಿದ್ದಲ್ಲಿ ಪದೇ ಪದೇ ಬರುವ ಕರೆ ಕಾವಲಿನಂತೆ ಕಂಡದ್ದೂ ಉಂಟು.

ಇಲ್ಲಿ ಫಿಲಿಪ್ಪೀನ್ಸಿನ ಒಂದು ಪರಿಕಲ್ಪನೆ ಕನ್ನಡದ ಋಣಕ್ಕೆ ಸಂವಾದಿಯಾಗಿ ನಿಲ್ಲುತ್ತದೆ. ತಗಾಲೊಗ್ ಭಾಷೆಯ 'ಉತಾಂಗ್ ನ ಲೊಓಬ್' ಎಂಬುದರ ಪದಶಃ ಅರ್ಥ ಒಳಗಿನ ಸಾಲ, ಅಂತರಂಗದ ಸಾಲ. ಹೆತ್ತು ಸಾಕಿದವರಿಗೆ ಮಕ್ಕಳು ಸಲ್ಲಿಸಬೇಕಾದ, ಹಣದಿಂದ ತೀರದ ಕೃತಜ್ಞತೆ ಅದು. ತಾಯಿ ಪರದೇಶದಲ್ಲಿ ಬೆವರು ಸುರಿಸಿ ಕಳುಹಿಸಿದ ಹಣದಿಂದ ಓದಿದ ಮಗು ಈ ಋಣವನ್ನು ಹೊತ್ತು ಬೆಳೆಯುತ್ತದೆ. ತನಗೆ ನೋವಾಗಿದೆ ಎಂದು ಹೇಳಿಕೊಳ್ಳುವುದೂ ಕೃತಘ್ನತೆಯೆನಿಸುತ್ತದೆ. 2000ದಲ್ಲಿ ತೆರೆಕಂಡ 'ಅನಾಕ್' ಎಂಬ ಜನಪ್ರಿಯ ತಗಾಲೊಗ್ ಚಿತ್ರ ಇದೇ ಗಂಟನ್ನು ಬಿಡಿಸಲೆತ್ನಿಸುತ್ತದೆ. ಹಾಂಗ್‌ಕಾಂಗಿನಲ್ಲಿ ವರ್ಷಗಟ್ಟಲೆ ದುಡಿದು ಮರಳಿದ ತಾಯಿಯನ್ನು ಹಿರಿಯ ಮಗಳು ಕ್ಷಮಿಸಲಾರಳು. ತಾಯಿಗೆ ಅದು ಅರ್ಥವಾಗದು. ಚಿತ್ರದ ಶೀರ್ಷಿಕೆಯ ಅರ್ಥ 'ಮಗು'. ಇಬ್ಬರೂ ಪರಸ್ಪರ ಋಣದ ಲೆಕ್ಕವನ್ನು ಕೇಳುತ್ತಿರುವಾಗ ಆ ದುಡಿಮೆಯ ಫಲ ಉಂಡ ಹಾಂಗ್‌ಕಾಂಗಿನ ಮನೆಯ ಲೆಕ್ಕವನ್ನು ಕೇಳುವವರು ಯಾರೂ ಇಲ್ಲ.

ಮನೆಯೊಡೆಯರ ಹೊಣೆ

ಹಾಗಾದರೆ ಇಂಥ ತಾಯಿಯನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೇ? ಜೋನ್ ಟ್ರೊಂಟೊ 2002ರಲ್ಲಿ 'ಹೈಪೇಷಿಯಾ' ಪತ್ರಿಕೆಯ ಲೇಖನವೊಂದರಲ್ಲಿ ಸ್ತ್ರೀವಾದಿಗಳನ್ನೇ ಕಟಕಟೆಯಲ್ಲಿ ನಿಲ್ಲಿಸಿದರು. ಮಕ್ಕಳ ಆರೈಕೆ ಸಾರ್ವಜನಿಕ ಹೊಣೆಯಾಗಬೇಕಿತ್ತು. ಅನುಕೂಲಸ್ಥ ಹೆಂಗಸರು ಆಯಾಳನ್ನು ಇಟ್ಟುಕೊಂಡು ತಮ್ಮ ಮಟ್ಟಿಗೆ ಸಮಸ್ಯೆಯನ್ನು ಪರಿಹರಿಸಿಕೊಂಡದ್ದರಿಂದ ಆ ಬೇಡಿಕೆ ದುರ್ಬಲವಾಯಿತು ಎಂಬುದು ಅವರ ಆಕ್ಷೇಪ. ಈವಾ ಕಿಟ್ಟೆ ಇನ್ನೊಂದು ದಿಕ್ಕಿನಿಂದ ಯೋಚಿಸುತ್ತಾರೆ. ಆರೈಕೆಯನ್ನು ಪಡೆಯುವುದು ಮಾತ್ರವಲ್ಲ, ತನ್ನವರಿಗೆ ಆರೈಕೆಯನ್ನು ನೀಡುವುದೂ ಮನುಷ್ಯರ ಹಕ್ಕು. ಅದನ್ನು ಕಳೆದುಕೊಂಡ ತಾಯಿಯ ಆತ್ಮಗೌರವಕ್ಕೇ ಪೆಟ್ಟು ಬೀಳುತ್ತದೆ ಎನ್ನುತ್ತಾರೆ.

ಇವೆರಡಕ್ಕೂ ಪ್ರಬಲವಾದ ಪ್ರತಿವಾದವಿದೆ. ಇಟ್ಟುಕೊಳ್ಳದಿದ್ದರೆ ಆ ಮಗುವಿನ ಶಾಲೆಯ ಶುಲ್ಕ ಎಲ್ಲಿಂದ ಬರಬೇಕು? ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸುವುದನ್ನೇ ತಾಯ್ತನವೆಂದು ತಿಳಿದ ಹೆಣ್ಣಿಗೆ, ನಿನ್ನ ಮಕ್ಕಳ ಹಿತಕ್ಕಾಗಿ ನಿನಗೆ ಕೆಲಸ ಕೊಡುವುದಿಲ್ಲ ಎನ್ನುವುದು ಎಂಥ ನೀತಿ? ಈ ಪ್ರತಿವಾದವನ್ನು ತಳ್ಳಿಹಾಕುವಂತಿಲ್ಲ. ಕೆಲಸ ನಿರಾಕರಿಸುವುದರಿಂದ ಒಡತಿಯ ಮನಸ್ಸಾಕ್ಷಿ ಶುದ್ಧವಾಗಬಹುದು. ಊರಲ್ಲುಳಿದ ಮಗುವಿಗೆ ತಾಯಿಯೂ ಸಿಗುವುದಿಲ್ಲ, ಹಣವೂ ಸಿಗುವುದಿಲ್ಲ, ಏಕೆಂದರೆ ತಾಯಿ ಇನ್ನೊಂದು ಮನೆಯನ್ನು ಹುಡುಕಿ ಹೊರಡುತ್ತಾಳೆ. ಆದರೆ ಅದೇ ಪ್ರತಿವಾದವನ್ನು ಮುಂದುವರಿಸಿ, ಸಂಬಳ ಕೊಟ್ಟಿದ್ದೇವೆ, ಇನ್ನೇನೂ ಬಾಕಿಯಿಲ್ಲ ಎಂಬಲ್ಲಿಗೆ ತಂದು ನಿಲ್ಲಿಸಿದಾಗ ಸಾಲ ಮತ್ತು ಋಣಗಳ ಭೇದ ಅಳಿಸಿಹೋಗುತ್ತದೆ. ಸಂಬಳ ಆಯಾಳ ದುಡಿಮೆಗೆ ಸಂದದ್ದು. ಅವಳು ಇಲ್ಲಿರುವುದರಿಂದ ಅಲ್ಲಿ ಉಂಟಾದ ಖಾಲಿತನದಿಂದ ಲಾಭ ಪಡೆದ ಮನೆ ಆ ಮಗುವಿಗೆ ಏನನ್ನೂ ಸಲ್ಲಿಸಿಲ್ಲ.

'ಮನೆಯವಳಂತೆಯೇ ನೋಡಿಕೊಂಡಿದ್ದೇವೆ' ಎಂಬ ಮಾತು ಈ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಮಾತಿನಲ್ಲಿ ಪ್ರಾಮಾಣಿಕತೆಯೂ ಇರಬಹುದು. ಆದರೆ ಮನೆಯವಳಾದರೆ ಅವಳ ಮಕ್ಕಳೂ ಆ ಮನೆಯ ಮಕ್ಕಳಾಗಬೇಕಿತ್ತು. ಅವರ ಹೆಸರು, ತರಗತಿ, ಕಾಯಿಲೆ ಮನೆಯವರಿಗೆ ಗೊತ್ತಿರಬೇಕಿತ್ತು. ಬಂಧುತ್ವದ ಭಾಷೆ ಇಲ್ಲಿ ಹೊತ್ತುಗೊತ್ತಿಲ್ಲದ ದುಡಿಮೆಯನ್ನು ಕೇಳಲು ನೆರವಾಗುತ್ತದೆಯೇ ಹೊರತು ಹೊಣೆಯನ್ನು ಹೊರಲು ಅಲ್ಲ. ಸಿಂಗಪುರ, ದುಬೈ, ಹಾಂಗ್‌ಕಾಂಗ್‌ಗಳಲ್ಲಿ ನೆಲೆಸಿ ಆಯಾಗಳನ್ನು ಇಟ್ಟುಕೊಂಡ ಕನ್ನಡ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ಬೆಂಗಳೂರಿನ ಸ್ಥಿತಿ ಈ ವಾದಕ್ಕೆ ಒಂದು ತೊಡಕನ್ನು ಒಡ್ಡುತ್ತದೆ. ಬೇರೆ ರಾಜ್ಯಗಳಿಂದಲೋ ಇದೇ ರಾಜ್ಯದ ದೂರದ ಜಿಲ್ಲೆಗಳಿಂದಲೋ ಬಂದು ಅಪಾರ್ಟ್‌ಮೆಂಟುಗಳಲ್ಲಿ ಉಳಿದು ದುಡಿಯುವ ಹೆಣ್ಣಿಗೆ ವೀಸಾದ ಅಡ್ಡಿಯಿಲ್ಲ. ಮಗುವನ್ನು ಕರೆತರಬೇಡವೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಆದರೂ ಅವಳ ಪಾಲಿನ ಪುಟ್ಟ ಕೋಣೆಯಲ್ಲಿ ಎರಡನೆಯ ಚಾಪೆಗೆ ಜಾಗವಿರುವುದಿಲ್ಲ. ಕಾನೂನು ಮಾಡದ ಕೆಲಸವನ್ನು ಮನೆಯ ವಿನ್ಯಾಸ ಮತ್ತು ಮನೆಯವರ ಅಭಿರುಚಿ ಮಾಡುತ್ತವೆ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು 2004ರಲ್ಲೇ ಅಧಿಸೂಚಿಸಿದ ರಾಜ್ಯ ಕರ್ನಾಟಕ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ ಗೃಹಕಾರ್ಮಿಕರ 189ನೆಯ ಒಡಂಬಡಿಕೆಯ ಪರವಾಗಿ ಭಾರತ ಮತ ಹಾಕಿತಾದರೂ ಅದನ್ನು ಸ್ಥಿರೀಕರಿಸಿಲ್ಲ. ಫಿಲಿಪ್ಪೀನ್ಸ್ 2012ರಲ್ಲೇ ಸ್ಥಿರೀಕರಿಸಿತು. ಈ ಎರಡೂ ಬಗೆಯ ಕ್ರಮಗಳು ಸಂಬಳ, ವಿಶ್ರಾಂತಿ, ದುಡಿಮೆಯ ಅವಧಿಗಳ ನೆಲೆಯಲ್ಲಿ ಮಹತ್ವದವು. ಇವುಗಳ ದೃಷ್ಟಿ ದುಡಿಯುವ ಹೆಣ್ಣಿನ ಮೇಲೆಯೇ ನೆಟ್ಟಿದೆ. ಅವಳ ಮಗು ಅಲ್ಲಿಯೂ ಹೊರಗೇ ಉಳಿದಿದೆ.

ಮಗುವನ್ನು ಒಳಗೆ ತಂದ ಒಂದು ಪ್ರಯೋಗ ಕೆನಡಾದ್ದು. 1992ರಿಂದ 2014ರವರೆಗೆ ಅಲ್ಲಿದ್ದ ಯೋಜನೆಯಂತೆ ಮನೆಯಲ್ಲುಳಿದು ಆರೈಕೆಯ ಕೆಲಸವನ್ನು ಎರಡು ವರ್ಷ ಪೂರೈಸಿದವರು ಕಾಯಂ ನಿವಾಸಕ್ಕೆ ಅರ್ಜಿ ಹಾಕಿ ಕುಟುಂಬವನ್ನು ಕರೆಸಿಕೊಳ್ಳಬಹುದಿತ್ತು. ಎರಡು ವರ್ಷವೆಂದು ಕಾಗದದಲ್ಲಿದ್ದದ್ದು ಅರ್ಜಿಗಳ ವಿಳಂಬದಿಂದ ಬಹಳಷ್ಟು ಕುಟುಂಬಗಳಿಗೆ ಇನ್ನೂ ಅನೇಕ ವರ್ಷಗಳಾಯಿತು. ಭೂಗೋಳಶಾಸ್ತ್ರಜ್ಞೆ ಜೆರಾಲ್ಡೀನ್ ಪ್ರಾಟ್ 2012ರ 'ಫ್ಯಾಮಿಲೀಸ್ ಅಪಾರ್ಟ್' ಕೃತಿಯಲ್ಲಿ ಹೀಗೆ ತಡವಾಗಿ ಒಂದಾದ ಕುಟುಂಬಗಳನ್ನು ಪರಿಶೀಲಿಸಿದ್ದಾರೆ. ವ್ಯಾಂಕೂವರಿಗೆ ಬಂದಿಳಿದ ಹದಿಹರೆಯದವರಿಗೆ ತಾಯಿ ಅಪರಿಚಿತಳಾಗಿದ್ದಳು; ಶಾಲೆಯನ್ನು ಅರ್ಧಕ್ಕೆ ಬಿಟ್ಟವರೂ ಅವರಲ್ಲಿದ್ದರು. 2019ರಲ್ಲಿ ಆರಂಭವಾಗಿ ಐದು ವರ್ಷ ನಡೆದ ಪ್ರಾಯೋಗಿಕ ಯೋಜನೆಯಲ್ಲಿ ಮಾತ್ರ, ಆರೈಕೆಗಾರ್ತಿಯ ಸಂಗಾತಿಗೆ ದುಡಿಯಲು, ಮಕ್ಕಳಿಗೆ ಓದಲು ಪರವಾನಗಿ ಕೊಟ್ಟು ಆರಂಭದಿಂದಲೇ ಜೊತೆಗಿರುವ ಅವಕಾಶವನ್ನು ಕಲ್ಪಿಸಲಾಯಿತು. ಅದೇ ವರ್ಷಗಳಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಮನೆಗಳು ಎಂದಿನಂತೆ ಒಬ್ಬೊಂಟಿ ತಾಯಂದಿರನ್ನೇ ಕರೆಸಿಕೊಳ್ಳುತ್ತಿದ್ದವು.